ಓಕಿನಾವಾದಲ್ಲಿ ನಾಲ್ಕು ದಿನ: ಏನು ತಿನ್ನಬೇಕು, ಏನು ಕುಡಿಯಬೇಕು

ಮುಂಬೈಯಿಂದ ಜಪಾನಿಗೆ ಹೋಗಿ ಬರುವವರು ಈಗ ಜಾಸ್ತಿ. ಡೊಂಬಿವಲಿ, ಮುಲುಂಡ್, ಮಾಟುಂಗದ ನಮ್ಮ ಕನ್ನಡದ ಮನೆಗಳಲ್ಲೂ ಪ್ರತಿ ರಜೆಗೆ ಯಾರಾದರೊಬ್ಬರು ಹೊರಟಿರುತ್ತಾರೆ. ಎಲ್ಲರೂ ಟೋಕಿಯೊ ನೋಡುತ್ತಾರೆ, ಕ್ಯೋಟೊ ನೋಡುತ್ತಾರೆ, ಫ್ಯೂಜಿ ಬೆಟ್ಟದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಊಟದ ವಿಷಯ ಕೇಳಿದರೆ ಸುಶಿ, ರಾಮೆನ್ ಅಷ್ಟೇ. ನಾನು ಎಲ್ಲರಿಗೂ ಹೇಳುವುದು ಒಂದೇ: ಪ್ರವಾಸದಲ್ಲಿ ನಾಲ್ಕು ದಿನ ಉಳಿಸಿ, ಜಪಾನಿನ ದಕ್ಷಿಣ ತುದಿಯ ದ್ವೀಪಗಳಾದ ಓಕಿನಾವಾಕ್ಕೆ ಹೋಗಿ, ಅದೂ ತಿನ್ನುವುದಕ್ಕಂತಲೇ ಹೋಗಿ.

ಯಾಕೆ ಅಂದರೆ ಅದು ಜಪಾನಿನ ಉಳಿದ ಕಡೆಯ ಊಟ ಅಲ್ಲವೇ ಅಲ್ಲ. 1879ರವರೆಗೆ ಅದು ರ್ಯುಕ್ಯು ಅನ್ನುವ ಬೇರೆ ರಾಜ್ಯವಾಗಿತ್ತು. ಚೀನಾ, ಸಯಾಮ್, ಜಪಾನ್ ಎಲ್ಲರ ಜತೆಗೂ ಹಡಗು ವ್ಯಾಪಾರ ಮಾಡಿಕೊಂಡಿದ್ದ ರಾಜ್ಯ. ಆಮೇಲೆ 1945ರ ಯುದ್ಧ, ಅದರ ಬೆನ್ನಿಗೆ 1972ರ ಮೇ 15ರವರೆಗೂ ಅಮೆರಿಕದ ಆಡಳಿತ. ಇದೆಲ್ಲವೂ ಅಲ್ಲಿನ ತಟ್ಟೆಯಲ್ಲಿ ಇವತ್ತಿಗೂ ಇದೆ. ಹಾಗಲಕಾಯಿ ಇದೆ, ಕಬ್ಬಿನ ಬೆಲ್ಲ ಇದೆ, ಹಿಪ್ಪಲಿಯ ಜಾತಿಯ ಮೆಣಸಿದೆ, ಥಾಯ್ ಅಕ್ಕಿಯಿಂದ ಇಳಿಸಿದ ಮದ್ಯ ಇದೆ, ಡಬ್ಬಿಯಲ್ಲಿ ಬರುವ ಅಮೆರಿಕದ ಹಂದಿಮಾಂಸವೂ ಇದೆ. ನಮ್ಮ ನಾಲಿಗೆಗೆ ಟೋಕಿಯೊಗಿಂತ ಓಕಿನಾವಾ ಬೇಗ ಹೊಂದಿಕೊಳ್ಳುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಆದರೆ ನಾಲ್ಕು ದಿನದಲ್ಲಿ ಎಲ್ಲಾ ದ್ವೀಪ ಸುತ್ತಿ ಎಲ್ಲಾ ತಿನ್ನುತ್ತೇನೆ ಅಂತ ಹೊರಟರೆ ಅರ್ಧ ಹೊತ್ತು ವಿಮಾನ ನಿಲ್ದಾಣದಲ್ಲೇ ಕಳೆಯುತ್ತದೆ. ಒಂದೇ ಊರಲ್ಲಿ ನಿಲ್ಲಿ. ಬೆಳಗ್ಗೆ ಊರಿನವರು ಬೆಳಗ್ಗೆ ತಿನ್ನುವುದನ್ನು ತಿನ್ನಿ, ರಾತ್ರಿ ಅವರು ರಾತ್ರಿ ಕುಡಿಯುವುದನ್ನು ಕುಡಿಯಿರಿ. ಅದರ ಮೇಲೆ ಒಂದು ಚಿಕ್ಕ ದ್ವೀಪಕ್ಕೆ ಹೋಗಿ ಬಂದರೆ ಸಾಕು.

ಯಾವಾಗ, ಎಲ್ಲಿ

ಮುಂಬೈಯಿಂದ ಓಕಿನಾವಾದ ಮುಖ್ಯ ಊರಾದ ನಾಹಾಕ್ಕೆ ನೇರ ವಿಮಾನ ಇಲ್ಲ. ಟೋಕಿಯೊ ಅಥವಾ ಹಾಂಗ್‌ಕಾಂಗ್‌ನಲ್ಲಿ ಇಳಿದು ಹತ್ತಬೇಕು. ಟೋಕಿಯೊದಿಂದ ಹೆಚ್ಚು ಕಡಿಮೆ ಮೂರು ಗಂಟೆಯ ಹಾರಾಟ. ಜಪಾನ್ ಪ್ರವಾಸ ಹೇಗೂ ಇದ್ದರೆ ಕೊನೆಗೆ ಇದನ್ನು ಸೇರಿಸಿಕೊಳ್ಳುವುದು ಸುಲಭ.

ಮಕ್ಕಳ ಬೇಸಿಗೆ ರಜೆ ನೋಡಿಕೊಂಡು ಹೋಗುವವರು ಏಪ್ರಿಲ್ ಮೂರನೇ ವಾರದಲ್ಲೇ ಹೋಗಿ ಬಂದುಬಿಡಿ. ಏಪ್ರಿಲ್ 29ರಿಂದ ಮೇ ಮೊದಲ ವಾರದವರೆಗೆ ಜಪಾನಿನವರಿಗೇ ದೊಡ್ಡ ರಜೆ, ಹೋಟೆಲ್ ಬೆಲೆ ಎಲ್ಲಾ ಮೇಲೇರುತ್ತದೆ. ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಮಳೆ. ಜುಲೈಯಿಂದ ಅಕ್ಟೋಬರ್‌ವರೆಗೆ ಚಂಡಮಾರುತದ ಕಾಲ, ದೋಣಿ ಯಾವ ದಿನ ನಿಲ್ಲುತ್ತದೆ ಹೇಳಲಾಗುವುದಿಲ್ಲ. ದೀಪಾವಳಿ ರಜೆ ನವೆಂಬರಿಗೆ ಬಿದ್ದ ವರ್ಷ ಅದೂ ಒಳ್ಳೆಯ ಸಮಯ, ಸೆಖೆ ಇಳಿದಿರುತ್ತದೆ, ಹಸಿವು ಚೆನ್ನಾಗಿರುತ್ತದೆ.

ಉಳಿಯುವುದು ನಾಹಾದಲ್ಲಿ. ವಿಮಾನ ನಿಲ್ದಾಣದಿಂದಲೇ ಯುಯಿ ರೇಲ್ ಅನ್ನುವ ಮೊನೊರೈಲು ಊರೊಳಗೆ ಹೋಗುತ್ತದೆ. 24 ಗಂಟೆ, 48 ಗಂಟೆಯ ಪಾಸ್ ಸಿಗುತ್ತದೆ. ಅದು ತಾರೀಖು ಲೆಕ್ಕ ಅಲ್ಲ, ಗಂಟೆ ಲೆಕ್ಕ, ಹಾಗಾಗಿ ಮಧ್ಯಾಹ್ನ ತೆಗೆದುಕೊಂಡರೂ ನಷ್ಟ ಇಲ್ಲ. ಕೊಕುಸಾಯಿ-ದೋರಿ ಅನ್ನುವ ದೊಡ್ಡ ರಸ್ತೆಯ ಹತ್ತಿರ ಕೋಣೆ ಹಿಡಿಯಿರಿ, ಆದರೆ ಊಟಕ್ಕೆ ಆ ರಸ್ತೆಯ ಮೇಲೆ ನಿಲ್ಲಬೇಡಿ. ಅಲ್ಲಿರುವುದು ಹೆಚ್ಚಾಗಿ ಪ್ರವಾಸಿಗರ ಅಂಗಡಿ. ಪಕ್ಕದ ಗಲ್ಲಿಗೆ ಎರಡು ಹೆಜ್ಜೆ ಒಳಗೆ ಹೋದರೆ ಊಟವೂ ಬದಲಾಗುತ್ತದೆ, ಬೆಲೆಯೂ ಬದಲಾಗುತ್ತದೆ.

ಹೊರಡುವ ಮೊದಲು ಮನೆಯಲ್ಲೇ ಒಮ್ಮೆ ಮಾಡಿ

ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಓಕಿನಾವಾದ ಮುಖ್ಯ ಅಡುಗೆ ಗೋಯಾ ಚಂಪುರು. ಗೋಯಾ ಅಂದರೆ ಹಾಗಲಕಾಯಿ, ಚಂಪುರು ಅಂದರೆ ಬಾಣಲೆಯಲ್ಲಿ ಎಲ್ಲಾ ಬೆರೆಸಿ ಹುರಿದದ್ದು. ಅದನ್ನು ಇಲ್ಲಿ ಒಂದು ಸಲ ಮಾಡಿ ತಿಂದು ಹೋದರೆ ಅಲ್ಲಿ ಯಾವ ಅಂಗಡಿಯವನು ಚೆನ್ನಾಗಿ ಮಾಡಿದ್ದಾನೆ ಅನ್ನುವುದು ಮೊದಲ ತುತ್ತಿಗೇ ತಿಳಿಯುತ್ತದೆ.

ಮಾಟುಂಗ ಅಥವಾ ದಾದರ್ ಮಾರುಕಟ್ಟೆಯಲ್ಲಿ ಆದಷ್ಟು ದಪ್ಪಗಿರುವ ಹಾಗಲಕಾಯಿ ಆರಿಸಿ. ಅಲ್ಲಿಯದು ನಮ್ಮದಕ್ಕಿಂತ ತೋರ, ಮೈಮೇಲಿನ ಗುಬಟುಗಳು ಮೊಂಡು. ಉದ್ದಕ್ಕೆ ಸೀಳಿ, ಚಮಚದಿಂದ ಬೀಜ ಮತ್ತು ಬಿಳಿ ತಿರುಳನ್ನು ಪೂರ್ತಿ ಕೆರೆದು ತೆಗೆಯಿರಿ. ತೆಳ್ಳಗೆ ಹೆಚ್ಚಿ, ಉಪ್ಪು ತಿಕ್ಕಿ, ಹತ್ತು ನಿಮಿಷ ಬಿಟ್ಟು ಹಿಂಡಿ. ಗಟ್ಟಿ ತೋಫುವಿನ ಮೇಲೆ ಭಾರ ಇಟ್ಟು ನೀರು ಇಳಿಸಿ. ಚಾಕು ಬೇಡ, ಕೈಯಿಂದಲೇ ದೊಡ್ಡ ದೊಡ್ಡ ತುಂಡಾಗಿ ಮುರಿಯಿರಿ. ಬಾಣಲೆಯಲ್ಲಿ ಎಣ್ಣೆ ಚೆನ್ನಾಗಿ ಕಾದ ಮೇಲೆ ಮೊದಲು ತೋಫು ಹಾಕಿ ಕಂದು ಬಣ್ಣ ಬರುವವರೆಗೆ ಹುರಿದು ಪಕ್ಕಕ್ಕಿಡಿ. ಅದೇ ಬಾಣಲೆಗೆ ಹಾಗಲಕಾಯಿ ಹಾಕಿ ದೊಡ್ಡ ಉರಿಯಲ್ಲಿ ಎರಡು ನಿಮಿಷ ಆಡಿಸಿ, ಕಚ್ಚಿದರೆ ಇನ್ನೂ ಕರುಂ ಅನ್ನಬೇಕು. ತೋಫು ವಾಪಸ್ ಹಾಕಿ, ಬಾಣಲೆಯ ಅಂಚಿನಿಂದ ಒಂದು ಚಮಚ ಸೋಯಾ ಸಾಸ್ ಬಿಡಿ, ಕೊನೆಗೆ ಒಡೆದು ಕಲಸಿದ ಮೊಟ್ಟೆ ಸುರಿದು ಎರಡೇ ಸಲ ತಿರುವಿ ಒಲೆ ಆರಿಸಿ. ಹಂದಿ ತಿನ್ನುವವರು ಹಾಗಲಕಾಯಿಗೆ ಮೊದಲು ಅದನ್ನು ಹುರಿದುಕೊಳ್ಳಿ, ತಿನ್ನದವರು ಬಿಡಿ.

ಗಮನಿಸಿ, ಬೆಲ್ಲ ಇಲ್ಲ, ಹುಣಸೆ ಇಲ್ಲ. ನಾವು ಹಾಗಲಕಾಯಿಯ ಕಹಿಯನ್ನು ಮುಚ್ಚುವುದಕ್ಕೆ ಎಷ್ಟೆಲ್ಲ ಮಾಡುತ್ತೇವೆ. ಅವರು ಕಹಿಯನ್ನು ಹಾಗೇ ಇಟ್ಟು, ಪಕ್ಕದಲ್ಲಿ ಮೊಟ್ಟೆ ಮತ್ತು ತೋಫುವಿನ ಮೆತ್ತನೆ ರುಚಿ ಇಡುತ್ತಾರೆ. ಒಮ್ಮೆ ಹಿಡಿಸಿದರೆ ಹಾಗಲಕಾಯಿಯನ್ನು ಆಮೇಲೆ ಜಾಸ್ತಿ ಬೇಯಿಸುವುದಕ್ಕೆ ಮನಸ್ಸೇ ಬರುವುದಿಲ್ಲ.

ಬೆಳಗ್ಗೆ: ಮಕಿಶಿ ಮಾರುಕಟ್ಟೆ

ಮೊದಲ ಬೆಳಗ್ಗೆ ಬೇರೆ ಎಲ್ಲಿಗೂ ಹೋಗಬೇಡಿ, ಮಕಿಶಿ ಸಾರ್ವಜನಿಕ ಮಾರುಕಟ್ಟೆಗೆ ಹೋಗಿ. ಯುದ್ಧದ ನಂತರ ಹುಟ್ಟಿಕೊಂಡ ಕಾಳಸಂತೆಯ ಜಾಗದಲ್ಲಿ ಬೆಳೆದ ಮಾರುಕಟ್ಟೆ ಇದು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಿ 2023ರ ಮಾರ್ಚ್‌ನಲ್ಲಿ ಮತ್ತೆ ತೆರೆದರು. ಕೆಳಗೆ ಮೀನು, ಮಾಂಸ, ಉಪ್ಪಿನಕಾಯಿ ಅಂಗಡಿಗಳು, ಮೇಲೆ ಊಟದ ಅಂಗಡಿಗಳು. ರಜೆ ದಿನ ಯಾವುದು ಅಂತ ಮೊದಲೇ ನೋಡಿಕೊಳ್ಳಿ.

ಮೀನು ತಿನ್ನುವ ಮಂಗಳೂರು, ಕಾರವಾರ ಕಡೆಯವರಿಗೆ ಇಲ್ಲಿ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ನೀಲಿ ಬಣ್ಣದ ಗಿಳಿಮೀನನ್ನು ಇರಾಬುಚಾ ಅನ್ನುತ್ತಾರೆ. ಕೆಂಪಗಿನ ದೊಡ್ಡ ಮೀನು ಅಕಾಜಿನ್, ಅದು ದುಬಾರಿ. ಚಿಕ್ಕದಾಗಿ, ತೆಳ್ಳಗಿರುವುದು ಗುರುಕುನ್, ಅದೇ ಓಕಿನಾವಾದ ರಾಜ್ಯ ಮೀನು. ಇಡೀ ಮೀನನ್ನು ಹಿಟ್ಟು ಹಚ್ಚಿ ಗರಿಗರಿಯಾಗಿ ಕರಿದರೆ ತಲೆ, ಮುಳ್ಳು, ರೆಕ್ಕೆ ಎಲ್ಲಾ ತಿನ್ನಬಹುದು.

ಇಲ್ಲಿನ ಪದ್ಧತಿ ಹೀಗೆ. ಕೆಳಗೆ ಮೀನು ಆರಿಸಿ ದುಡ್ಡು ಕೊಡಿ, ಮೇಲಕ್ಕೆ ಕಳಿಸಿ ಅಂತ ಹೇಳಿ. ಇದಕ್ಕೆ ಮೊಚಿಆಗೆ ಅನ್ನುತ್ತಾರೆ. ಮೇಲಿನ ಅಂಗಡಿಯವರು ಒಬ್ಬರಿಗೆ ಇಷ್ಟು ಅಂತ ಅಡುಗೆಯ ಕೂಲಿ ತೆಗೆದುಕೊಂಡು ಅದನ್ನು ಬೇಕಾದ ಹಾಗೆ ಮಾಡಿಕೊಡುತ್ತಾರೆ. ಅರ್ಧ ಭಾಗ ಹಸಿಯಾಗಿಯೇ ಹೆಚ್ಚಿದ ಸಾಶಿಮಿ, ಅರ್ಧ ಭಾಗ ಕರಿದದ್ದು, ತಲೆ ಮೂಳೆ ಹಾಕಿ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು. ದುಡ್ಡು ಕೊಡುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ಮೀನಿನ ತೂಕಕ್ಕೆ ಎಷ್ಟು, ಮೇಲಿನ ಕೂಲಿ ಎಷ್ಟು. ದಾದರ್ ಮೀನು ಮಾರುಕಟ್ಟೆಯಲ್ಲಿ ಚೌಕಾಶಿ ಮಾಡಿ ಪಳಗಿದವರಿಗೆ ಕೈ ತುರಿಸಬಹುದು, ಆದರೆ ಅಲ್ಲಿ ಚೌಕಾಶಿ ಅಷ್ಟಾಗಿ ನಡೆಯುವುದಿಲ್ಲ. ಚಿಕ್ಕ ಮೀನು ಕೊಡಿ ಅಂತ ಕೇಳುವುದೇ ಸರಿಯಾದ ದಾರಿ. ಇಬ್ಬರಿಗೆ ದೊಡ್ಡ ಮೀನು ತೆಗೆದುಕೊಂಡರೆ ಆ ದಿನದ ಹಸಿವೆಲ್ಲ ಅಲ್ಲೇ ಮುಗಿಯುತ್ತದೆ.

ಅಲ್ಲೇ ಉಮಿಬುದೊ ನೋಡಿ. ಸಮುದ್ರದಲ್ಲಿ ಬೆಳೆಯುವ ಹಸಿರು ಪಾಚಿ. ಒಂದು ತೆಳ್ಳನೆ ದಂಟಿನ ಸುತ್ತ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಗುಳ್ಳೆಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಒಳಗೆ ಬೆಳಕು ಹಾದುಹೋಗುವಷ್ಟು ತಿಳಿ. ಬಾಯಲ್ಲಿಟ್ಟು ಒತ್ತಿದರೆ ಪಟಪಟ ಒಡೆದು ಉಪ್ಪು ನೀರು ಬರುತ್ತದೆ, ಆಮೇಲೆ ಮೆಲ್ಲಗೆ ಒಂದು ಲೋಳೆ. ತಿನ್ನುವ ಕ್ರಮ ಮುಖ್ಯ. ಹುಳಿ ಸಾಸನ್ನು ಮೇಲೆ ಸುರಿಯಬಾರದು. ಉಪ್ಪು ತಗುಲಿದರೆ ಗುಳ್ಳೆ ಒಳಗಿನ ನೀರು ಬಿಟ್ಟು ಸುಕ್ಕಾಗುತ್ತದೆ. ಒಂದೊಂದೇ ದಂಟು ತೆಗೆದು, ತುದಿ ಅದ್ದಿ, ತಕ್ಷಣ ಬಾಯಿಗೆ. ಫ್ರಿಜ್‌ನಲ್ಲೂ ಇಡಬಾರದು, ಚಳಿಗೆ ಅದೇ ಗತಿ. ಪಕ್ಕದಲ್ಲೇ ಮೊಝುಕು ಅನ್ನುವ ಕಂದು ಪಾಚಿ ಇರುತ್ತದೆ, ನೂಲಿನ ಹಾಗೆ ಸಣ್ಣ. ಜಪಾನಿನಲ್ಲಿ ಬೆಳೆಯುವ ಮೊಝುಕುವಿನ ಬಹುಪಾಲು ಓಕಿನಾವಾದ್ದೇ. ವಿನೆಗರ್‌ನಲ್ಲಿ ನೆನೆಸಿ ಕೊಡುತ್ತಾರೆ, ಹಿಟ್ಟಿಗೆ ಕಲಸಿ ಕರಿದೂ ಕೊಡುತ್ತಾರೆ. ನನ್ನ ಮಟ್ಟಿಗೆ ಕರಿದದ್ದೇ ಸರಿ.

ಮಧ್ಯಾಹ್ನ: ಸೋಬಾ ಮತ್ತು ಶೊಕುದೊ

ಸೋಬಾ ಅಂದರೆ ಸಾರಿನಲ್ಲಿ ಕೊಡುವ ನೂಡಲ್ಸ್. ಓಕಿನಾವಾ ಸೋಬಾ ಟೋಕಿಯೊದ ಬಕ್‌ವೀಟ್ ಹಿಟ್ಟಿನ ಸೋಬಾ ಅಲ್ಲ, ಪೂರ್ತಿ ಗೋಧಿ ಹಿಟ್ಟಿನದು. ದಪ್ಪ ಎಳೆ, ಹಂದಿ ಮೂಳೆ ಮತ್ತು ಒಣಗಿಸಿದ ಕತ್ಸುಒ ಮೀನಿನ ತಿಳಿ ಸಾರು, ಮೇಲೆ ಹಂದಿಯ ಮಾಂಸ, ಮೀನಿನ ಹಿಟ್ಟಿನ ಬಿಲ್ಲೆ, ಈರುಳ್ಳಿ ಸೊಪ್ಪು, ಕೆಂಪು ಶುಂಠಿ. ಪಕ್ಕೆಲುಬಿನ ತುಂಡು ಹಾಕಿದರೆ ಸೋಕಿ ಸೋಬಾ. ಬಕ್‌ವೀಟ್ ಇಲ್ಲದ್ದನ್ನು ಸೋಬಾ ಅಂತ ಮಾರಬಾರದು ಅಂತ ಒಮ್ಮೆ ತಕರಾರು ಎದ್ದಿತ್ತು, 1978ರ ಅಕ್ಟೋಬರ್ 17ರಂದು ಹೆಸರಿಗೆ ಒಪ್ಪಿಗೆ ಸಿಕ್ಕಿತು, ಈಗ ಆ ದಿನವನ್ನು ಅಲ್ಲಿ ಸೋಬಾ ದಿನ ಅಂತಲೇ ಮಾಡುತ್ತಾರೆ.

ಮೇಜಿನ ಮೇಲೆ ಚಿಕ್ಕ ಬಾಟಲಿಯಲ್ಲಿ ಕೆಂಪು ಮೆಣಸಿನಕಾಯಿ ಮುಳುಗಿರುವುದು ಕಾಣುತ್ತದೆ. ಅದು ಕೊರೇಗುಸು, ಅವಮೋರಿ ಮದ್ಯದಲ್ಲಿ ನೆನೆಸಿದ ಸೂಜಿ ಮೆಣಸು. ಖಾರ ನೋಡಿ ಖುಷಿಯಾಗಿ ಸುರಿಯಬೇಡಿ. ಮೊದಲು ಸಾರನ್ನು ಹಾಗೇ ನಾಲ್ಕು ಗುಟುಕು ಕುಡಿಯಿರಿ, ಆಮೇಲೆ ಎರಡು ಮೂರು ಹನಿ. ಮದ್ಯ ಮುಟ್ಟದವರಿಗೂ, ಮಕ್ಕಳಿಗೂ ಇದು ಬೇಡ, ಅದು ನಿಜವಾದ ಮದ್ಯವೇ. ಒಂದು ಬೋಗುಣಿಗೆ ಸಾಮಾನ್ಯವಾಗಿ 1000 ಯೆನ್ ಆಸುಪಾಸು. ಬಹಳ ಕಡೆ ಬಾಗಿಲ ಹತ್ತಿರ ಟಿಕೆಟ್ ಯಂತ್ರ ಇರುತ್ತದೆ, ದುಡ್ಡು ಹಾಕಿ ಗುಂಡಿ ಒತ್ತಿ ಚೀಟಿ ಕೊಡಬೇಕು. ಚಿಲ್ಲರೆ ನೋಟು ಇಟ್ಟುಕೊಳ್ಳಿ. ಎಲ್ಲಿಯೂ ಟಿಪ್ಸ್ ಕೊಡಬೇಡಿ.

ಇನ್ನೊಂದು ಮಧ್ಯಾಹ್ನವನ್ನು ಶೊಕುದೊಗೆ ಇಡಿ. ಊರಿನವರು ದಿನಾ ಉಣ್ಣುವ ಸಾದಾ ಹೋಟೆಲ್ ಅದು. ಗೋಡೆ ತುಂಬ ಕೈಬರಹದ ಪಟ್ಟಿ. ಇಲ್ಲಿ ಪಾಲು ದೊಡ್ಡದು. ಗೋಯಾ ಚಂಪುರು ಅಂತ ಹೇಳಿದರೆ ಅನ್ನ, ಸಾರು, ಉಪ್ಪಿನಕಾಯಿ ಸೇರಿ ಪೂರ್ತಿ ಊಟವೇ ಬರುತ್ತದೆ. ಮಿಸೊಶಿರು ಅಂದರೆ ಚಿಕ್ಕ ಬಟ್ಟಲು ಸಾರು ಬರುತ್ತದೆ ಅಂದುಕೊಳ್ಳಬೇಡಿ, ತರಕಾರಿ, ತೋಫು, ಹಂದಿ, ಮೊಟ್ಟೆ ಎಲ್ಲಾ ತುಂಬಿದ ದೊಡ್ಡ ಬೋಗುಣಿ ಅನ್ನದ ಜತೆ ಬಂದು ಕೂರುತ್ತದೆ. ಇಬ್ಬರು ಹೋದರೆ ಬೇರೆ ಬೇರೆ ಎರಡು ಹೇಳಿ ಹಂಚಿಕೊಳ್ಳಿ.

ಟಾಕೊ ರೈಸ್ ಹೆಸರು ಕೇಳುತ್ತೀರಿ. ಕಿನ್ ಪಟ್ಟಣದಲ್ಲಿ 1984ರಲ್ಲಿ ಅಮೆರಿಕದ ಸೈನಿಕರಿಗೆ ಅಂತ ಮಾಡಿದ್ದು, ಅನ್ನದ ಮೇಲೆ ಮಸಾಲೆ ಖೀಮಾ, ಚೀಸ್, ಎಲೆಕೋಸಿನಂಥ ಸೊಪ್ಪು. ಖೀಮಾ ಹೆಚ್ಚಾಗಿ ದನದ್ದು, ಬೇಡದವರು ಕೇಳಿ ತಿನ್ನಿ. ಸಮಯ ಕಡಿಮೆ ಇದ್ದರೆ ಇದನ್ನು ಬಿಟ್ಟರೂ ನಡೆಯುತ್ತದೆ.

ಮಾಂಸ ತಿನ್ನದವರು ಜತೆಗಿದ್ದರೆ

ನಮ್ಮ ಗುಂಪು ಹೊರಟರೆ ಹೀಗೇ ಅಲ್ವಾ, ಒಬ್ಬರು ಮೀನಿಲ್ಲದೆ ಉಣ್ಣುವುದಿಲ್ಲ, ಇನ್ನೊಬ್ಬರು ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ನಮ್ಮಮ್ಮ ಪೂರ್ತಿ ಸಸ್ಯಾಹಾರಿ, ಹಾಗಾಗಿ ಈ ವಿಷಯ ನನಗೆ ತುಂಬ ಮುಖ್ಯ. ನೇರವಾಗಿ ಹೇಳುತ್ತೇನೆ: ಓಕಿನಾವಾದ ಅಡುಗೆಯಲ್ಲಿ ಹಂದಿಯ ಕೊಬ್ಬು ಮತ್ತು ಕತ್ಸುಒ ಮೀನಿನ ದಾಶಿ (ಒಣಮೀನು ಹಾಕಿ ತೆಗೆದ ತಿಳಿ ಸಾರು) ಕಣ್ಣಿಗೆ ಕಾಣದ ಕಡೆಯೂ ಇರುತ್ತವೆ. ತರಕಾರಿ ಪಲ್ಯದ ಮೇಲೂ ಮೀನಿನ ಚೂರು ಉದುರಿಸಿರುತ್ತಾರೆ. ಚಿನ್ಸುಕೊ ಅನ್ನುವ ಬಿಸ್ಕೆಟ್‌ಗೆ ಹಳೆಯ ಕ್ರಮದಲ್ಲಿ ಹಂದಿ ಕೊಬ್ಬೇ ಹಾಕುವುದು.

ಆದರೂ ಹೊಟ್ಟೆ ತುಂಬುತ್ತದೆ, ಸ್ವಲ್ಪ ತಿಳಿದುಕೊಂಡು ಹೋಗಬೇಕು ಅಷ್ಟೇ. ಫೋನಿನಲ್ಲಿ ಜಪಾನಿ ಲಿಪಿಯಲ್ಲಿ ಒಂದು ವಾಕ್ಯ ಬರೆದಿಟ್ಟುಕೊಳ್ಳಿ: ಮಾಂಸ, ಮೀನು, ಮೀನಿನ ದಾಶಿ, ಹಂದಿ ಕೊಬ್ಬು ತಿನ್ನುವುದಿಲ್ಲ. ನಾಲ್ಕನ್ನೂ ಬಿಡಿಸಿ ಬರೆಯಿರಿ, ಸುಮ್ನೆ ವೆಜಿಟೇರಿಯನ್ ಅಂದರೆ ಮೀನಿನ ಸಾರು ಬಂದೇ ಬರುತ್ತದೆ. ಬಾಯಲ್ಲಿ ಹೇಳುವುದಾದರೆ ‘ನಿಕು ತೊ ಸಕಾನಾ ವಾ ತಾಬೆಮಾಸೆನ್’, ಅಂದರೆ ಮಾಂಸ, ಮೀನು ತಿನ್ನುವುದಿಲ್ಲ. ಜನರಿಲ್ಲದ ಹೊತ್ತಿಗೆ, ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಹೋಗಿ ಕೇಳಿದರೆ ಅಡುಗೆಯವರು ನಿಂತು ಕೇಳಿಸಿಕೊಳ್ಳುತ್ತಾರೆ.

ಮೊಟ್ಟೆ ನಡೆಯುವವರಿಗೆ ನಿಂಜಿನ್ ಶಿರಿಶಿರಿ ಇದೆ, ಉದ್ದುದ್ದ ತುರಿದ ಕ್ಯಾರೆಟ್ ಮತ್ತು ಮೊಟ್ಟೆ. ಟ್ಯೂನಾ ಮೀನು ಹಾಕಬೇಡಿ ಅಂತ ಹೇಳಬೇಕು. ಫೂ ಚಂಪುರು ಇದೆ, ಗೋಧಿಯ ಅಂಟಿನಿಂದ ಮಾಡಿದ ಸ್ಪಂಜಿನಂಥ ಬಿಲ್ಲೆಯನ್ನು ಮೊಟ್ಟೆಯಲ್ಲಿ ನೆನೆಸಿ ಹುರಿಯುತ್ತಾರೆ, ಮಾಂಸ ಇಲ್ಲದೆ ಮಾಡಿಸಿಕೊಂಡರೆ ಬಹಳ ಚೆನ್ನ. ಮೊಟ್ಟೆಯೂ ಬೇಡದವರಿಗೆ ಜೀಮಾಮಿ-ದೋಫು. ಇದರಲ್ಲಿ ಸೋಯಾ ಇಲ್ಲ, ನೆನೆಸಿ ರುಬ್ಬಿ ಸೋಸಿದ ಕಡಲೆಕಾಯಿ ಹಾಲನ್ನು ಗೆಣಸಿನ ಪಿಷ್ಟದ ಜತೆ ಕೈ ಬಿಡದೆ ತಿರುವಿ ಗಟ್ಟಿ ಮಾಡುತ್ತಾರೆ. ಬಳಕುತ್ತದೆ, ಜಗ್ಗುತ್ತದೆ, ಕಡಲೆಕಾಯಿಯ ಘಮ ಕೊನೆಯವರೆಗೂ ಇರುತ್ತದೆ. ಮೇಲಿನ ಸಾಸನ್ನು ಬೇರೆ ಕೊಡಲು ಹೇಳಿ. ಸುಟ್ಟ ನೇರಳೆ ಗೆಣಸು, ಅನಾನಸು ಯಾವಾಗಲೂ ಸಿಗುತ್ತವೆ. ಇನ್ನು ಅಲ್ಲಿನ ಜೆಂಜಾಯಿ: ಬೆಲ್ಲದಲ್ಲಿ ಬೇಯಿಸಿದ ದಪ್ಪ ರಾಜ್ಮಾದಂಥ ಕಾಳಿನ ಮೇಲೆ ಬೆಟ್ಟದ ಹಾಗೆ ಪುಡಿ ಐಸ್. ಬಿಸಿಲಲ್ಲಿ ತಿರುಗಿ ಬಂದಾಗ ಅದರ ಸಮ ಬೇರೇನಿಲ್ಲ.

ಚೀಲದಲ್ಲಿ ಹಚ್ಚಿದ ಅವಲಕ್ಕಿ, ಥೇಪ್ಲಾ, ಚಟ್ನಿಪುಡಿ ಇರಲಿ. ಹಸಿ ಹಣ್ಣು, ತರಕಾರಿ, ಹಸಿ ಕರಿಬೇವು ಮಾತ್ರ ಒಯ್ಯಬೇಡಿ. ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಜಪಾನಿನೊಳಗೆ ಬಿಡುವುದಿಲ್ಲ. ಮಾಂಸದ ತಿಂಡಿಗೂ ಅದೇ ತಡೆ.

ಸಂಜೆ ಬಾಯಾಡಿಸಲು

ಸಾಟಾ ಅಂಡಗಿ ಬಿಸಿ ಇದ್ದಾಗ ತಿನ್ನಿ. ಮೈದಾ, ಸಕ್ಕರೆ, ಮೊಟ್ಟೆ ಕಲಸಿ ಉಂಡೆ ಮಾಡಿ ಸಣ್ಣ ಉರಿಯಲ್ಲಿ ನಿಧಾನ ಕರಿದದ್ದು. ಒಂದು ಪಕ್ಕ ತಾನೇ ಬಿರಿದು ಬಾಯಿ ಬಿಟ್ಟಿರುತ್ತದೆ. ಬೆಲ್ಲ ಹಾಕಿದ್ದು ಸಿಕ್ಕರೆ ಅದನ್ನೇ ಕೇಳಿ. ಅಲ್ಲಿನ ತೆಂಪುರಾ ಹಿಟ್ಟು ದಪ್ಪ, ಉಪ್ಪು ಹಿಟ್ಟಿನಲ್ಲೇ ಇರುತ್ತದೆ, ಕಾಗದದಲ್ಲಿ ಕಟ್ಟಿಸಿಕೊಂಡು ಕೈಯಲ್ಲೇ ಹಿಡಿದು ತಿನ್ನುವುದು.

ಮೂಚಿ ಅಂತ ಒಂದಿದೆ, ಅಕ್ಕಿ ಹಿಟ್ಟಿನ ಕಣಕವನ್ನು ಗೆತ್ತೊ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಗೆತ್ತೊ ಶುಂಠಿ, ಅರಿಶಿನದ ಕುಟುಂಬದ ಗಿಡ. ಎಲೆ ಬಿಚ್ಚಿದಾಗ ಮೂಗಿಗೆ ಬರುವ ಘಮ ನಾಗರಪಂಚಮಿಗೆ ಅರಿಶಿನ ಎಲೆಯಲ್ಲಿ ಮಾಡುವ ಕಡುಬಿನ ಘಮಕ್ಕೆ ತೀರಾ ಹತ್ತಿರ. ಚಾಂದ್ರಮಾನದ 12ನೇ ತಿಂಗಳ 8ನೇ ದಿನ ಮನೆಮನೆಯಲ್ಲೂ ಮಾಡುವುದು, ಅಂದರೆ ಚಳಿಗಾಲದಲ್ಲಿ. ಬೇರೆ ದಿನಗಳಲ್ಲಿ ಮಾರುಕಟ್ಟೆಯಲ್ಲಿ ಕಣ್ಣಿಟ್ಟು ನೋಡಿ.

ಜುಲೈ, ಆಗಸ್ಟ್‌ನಲ್ಲಿ ಓಕಿನಾವಾ ಮಾವು ಬರುತ್ತದೆ, ಪೆಟ್ಟಿಗೆಯಲ್ಲಿ ಆಭರಣದಂತೆ ಜೋಡಿಸಿ ಮಾರುತ್ತಾರೆ. ಮುಂಬೈಯಲ್ಲಿ ಹಾಪೂಸ್ ತಿಂದವರು ಆ ದುಡ್ಡನ್ನು ಅನಾನಸಿಗೆ ಕೊಡಿ. ಕುಡಿಯಲು ಸಾನ್ಪಿನ್-ಚಾ ತೆಗೆದುಕೊಳ್ಳಿ, ಮಲ್ಲಿಗೆ ಹೂವಿನ ಚಹಾ, ಸಕ್ಕರೆ ಇಲ್ಲದ್ದು. ಶೀಕುವಾಸಾ ರಸವೂ ಚೆನ್ನಾಗಿರುತ್ತದೆ, ಗೋಲಿಯಷ್ಟು ಚಿಕ್ಕ ನಿಂಬೆಯ ಜಾತಿಯ ಹಣ್ಣು, ಹುಳಿಯ ಹಿಂದೆ ಸಣ್ಣ ಕಹಿ.

ರಾತ್ರಿ: ಅವಮೋರಿ

ಕುಡಿಯುವವರಿಗೆ ಮಾತ್ರ ಈ ಭಾಗ. ಅಲ್ಲಿ 20 ವರ್ಷ ತುಂಬಿರಬೇಕು. ಮತ್ತು ಬಾಡಿಗೆ ಕಾರು ತೆಗೆದುಕೊಂಡಿದ್ದರೆ ಆ ರಾತ್ರಿ ಅದನ್ನು ಮುಟ್ಟಬೇಡಿ. ಕುಡಿದು ಓಡಿಸಿದವನ ಜತೆ ಗೊತ್ತಿದ್ದೂ ಕೂತವರಿಗೂ ಅಲ್ಲಿ ಶಿಕ್ಷೆ ಇದೆ.

ಮೊದಲ ಗ್ಲಾಸ್ ಓರಿಯನ್ ಬಿಯರ್ ಹೇಳಿ, ಎಲ್ಲರೂ ಹಾಗೇ ಮಾಡುತ್ತಾರೆ. ನಾಗೊ ಊರಿನಲ್ಲಿ ತಯಾರಾಗುವ ಇದರ ಕಂಪನಿ 1957ರದು. ಹಗುರ, ಸೆಖೆಗೆ ಸರಿ. ಅದಾದ ಮೇಲೆ ಅವಮೋರಿ.

ಅವಮೋರಿಯನ್ನು ‘ಸಾಕೆ’ (ಜಪಾನಿನ ಅಕ್ಕಿ ಮದ್ಯ) ಅಂತ ಕರೆಯಬೇಡಿ. ಸಾಕೆ ಹುದುಗಿಸಿದ್ದು, ಇದು ಭಟ್ಟಿ ಇಳಿಸಿದ್ದು. ಅಕ್ಕಿ ಥಾಯ್ಲೆಂಡಿನ ಉದ್ದ ಅಕ್ಕಿ. ಆ ಅಕ್ಕಿಯನ್ನೆಲ್ಲ ಕಪ್ಪು ಕೋಜಿ ಅನ್ನುವ ಬೂಷ್ಟು ಹತ್ತಿಸಿ, ನೀರು ಮತ್ತು ಯೀಸ್ಟ್ ಸೇರಿಸಿ ಹುದುಗಿಸಿ, ಒಂದೇ ಸಲ ಭಟ್ಟಿ ಇಳಿಸುತ್ತಾರೆ. ಕಪ್ಪು ಕೋಜಿಯೇ ಯಾಕೆ ಅಂದರೆ ಅದು ಸಿಟ್ರಿಕ್ ಆಮ್ಲ ಜಾಸ್ತಿ ಬಿಡುತ್ತದೆ. ಓಕಿನಾವಾದ ಸೆಖೆ, ತೇವದಲ್ಲಿ ಕಲಸಿಟ್ಟದ್ದು ಎರಡು ದಿನದಲ್ಲಿ ಕೆಡಬೇಕು, ಈ ಹುಳಿ ಅದನ್ನು ಕೆಡದಂತೆ ಕಾಯುತ್ತದೆ. ಮುಂಬೈಯ ಮಳೆಗಾಲದಲ್ಲಿ ಹಿಟ್ಟು ಉಕ್ಕುವುದನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಕೋಜಿ ಬಳಸಿ ಮದ್ಯ ಮಾಡುವ ಜಪಾನಿನ ವಿದ್ಯೆಯನ್ನು ಯುನೆಸ್ಕೊ 2024ರ ಡಿಸೆಂಬರ್‌ನಲ್ಲಿ ತನ್ನ ಪಟ್ಟಿಗೆ ಸೇರಿಸಿತು, ಅವಮೋರಿಯೂ ಅದರೊಳಗಿದೆ.

ಕುಡಿಯುವ ಕ್ರಮ ಎರಡು. ಸಾಮಾನ್ಯ ಅವಮೋರಿ 25ರಿಂದ 30 ಡಿಗ್ರಿ (ಅಂದರೆ ಶೇಕಡಾ ಅಷ್ಟು ಆಲ್ಕೋಹಾಲ್) ಇರುತ್ತದೆ, ಅದನ್ನು ಐಸ್ ಮತ್ತು ನೀರು ಬೆರೆಸಿ ಕುಡಿಯುತ್ತಾರೆ. ‘ಮಿಝುವಾರಿ’ ಅಂತ ಹೇಳಿ. ಶೀಕುವಾಸಾ ಹಿಂಡಿದರೆ ಇನ್ನೂ ಒಳ್ಳೆಯದು. ಊರಿನವರು ಇದನ್ನು ಊಟದ ಉದ್ದಕ್ಕೂ ನಿಧಾನ ಕುಡಿಯುತ್ತಾರೆ, ಅವರ ವೇಗ ನೋಡಿ ನೀವೂ ಹಾಗೇ ಹೋಗಿ. ಎರಡನೆಯದು ಕೂಸೂ, ಹಳೆಯ ಅವಮೋರಿ. 2015ರ ನಿಯಮದ ಪ್ರಕಾರ ಒಳಗಿರುವುದೆಲ್ಲ ಕನಿಷ್ಠ 3 ವರ್ಷ ಹಳೆಯದಾಗಿದ್ದರೆ ಮಾತ್ರ ಆ ಹೆಸರು ಹಾಕಬಹುದು. ಇದಕ್ಕೆ ನೀರು ಬೇಡ, ಐಸ್ ಬೇಡ. ಹೆಬ್ಬೆರಳಿನಷ್ಟು ಚಿಕ್ಕ ಬಟ್ಟಲಲ್ಲಿ ಹಾಕಿಸಿಕೊಂಡು ಮೊದಲು ಮೂಗಿಗೆ ಹಿಡಿಯಿರಿ. ಕೋಜಿ ಕೆಲಸದಿಂದ ಅಕ್ಕಿಯೊಳಗಿನ ಆಮ್ಲವೊಂದು ವರ್ಷಗಳ ಮೇಲೆ ವೆನಿಲಾದ ಘಮವಾಗಿ ಬದಲಾಗುತ್ತದೆ, ಹೊರಗಿನಿಂದ ಏನೂ ಸೇರಿಸಿರುವುದಿಲ್ಲ.

ಮನೆಗಳಲ್ಲಿ ಕೂಸೂ ಇಡುವ ರೀತಿ ಕೇಳಿ. ಮಣ್ಣಿನ ಗಡಿಗೆಗಳನ್ನು ವಯಸ್ಸಿನ ಪ್ರಕಾರ ಸಾಲಾಗಿ ಇಟ್ಟಿರುತ್ತಾರೆ. ಹಬ್ಬಕ್ಕೋ ಮದುವೆಗೋ ಎಲ್ಲಕ್ಕಿಂತ ಹಳೆಯದರಿಂದ ಸ್ವಲ್ಪ ತೆಗೆದರೆ, ಕಡಿಮೆಯಾದಷ್ಟನ್ನು ಅದರ ನಂತರದ ಗಡಿಗೆಯಿಂದ ತುಂಬುತ್ತಾರೆ, ಅದನ್ನು ಮೂರನೆಯದರಿಂದ, ಕೊನೆಯದಕ್ಕೆ ಹೊಸದು. ಹೀಗೆ ನೂರು ವರ್ಷ ಬಂದ ಗಡಿಗೆಗಳು ಇದ್ದವು. 1945ರ ಯುದ್ಧದಲ್ಲಿ ಹೆಚ್ಚುಕಡಿಮೆ ಎಲ್ಲಾ ಒಡೆದುಹೋದವು. ಈಗ ಕುಡಿಯುವ ಹಳೆಯ ಕೂಸೂಗಳೆಲ್ಲ ಬಹುತೇಕ ಅಲ್ಲಿಂದೀಚೆಗೆ ಮೊದಲಿನಿಂದ ಶುರು ಮಾಡಿದವು. ಇದನ್ನು ತಿಳಿದು ಕುಡಿದರೆ ಕೈ ತಾನಾಗಿ ನಿಧಾನವಾಗುತ್ತದೆ.

ಜತೆಗೆ ತೋಫುಯೋ ತರಿಸಿ. ಕೆಂಪು ಕೋಜಿ ಮತ್ತು ಅವಮೋರಿಯಲ್ಲಿ ತಿಂಗಳುಗಟ್ಟಲೆ ನೆನೆಸಿದ ತೋಫು, ಒಂದು ಇಂಚಿನ ಕೆಂಪು ಚೌಕ ಬರುತ್ತದೆ. ಚಮಚದಲ್ಲಿ ತಿನ್ನುವ ವಸ್ತುವಲ್ಲ. ಹಲ್ಲುಕಡ್ಡಿಯ ತುದಿಗೆ ಹತ್ತಿದಷ್ಟು ನಾಲಿಗೆಗೆ ಇಟ್ಟು, ಕರಗಲು ಬಿಟ್ಟು, ಮೇಲೆ ಒಂದು ಗುಟುಕು. ಆ ಒಂದು ಚೌಕ ಅರ್ಧ ರಾತ್ರಿ ಬರಬೇಕು. ಹಂದಿ ತಿನ್ನುವವರು ರಾಫುಟೆ ಬಿಡಬೇಡಿ, ಅವಮೋರಿ, ಸೋಯಾ, ಸಕ್ಕರೆಯಲ್ಲಿ ಗಂಟೆಗಟ್ಟಲೆ ಬೇಯಿಸಿದ ತೊಗಲು ಸಮೇತದ ತುಂಡು. ಶಿಮಾ ರಕ್ಯೋ ಅನ್ನುವ ಎಳೆ ಈರುಳ್ಳಿಯ ಜಾತಿ ಉಪ್ಪು ಹಚ್ಚಿ ಕೊಡುತ್ತಾರೆ, ಮೀನಿನ ಚೂರು ಬೇಡ ಅಂದರೆ ಸಸ್ಯಾಹಾರಿಗೂ ಸರಿ.

ಎಲ್ಲಿ ಕೂರಬೇಕು ಅಂದರೆ ಅಸಾತೊ ಸ್ಟೇಷನ್ ಹತ್ತಿರದ ಸಕಾಯೆಮಾಚಿ ಮಾರುಕಟ್ಟೆ. ಹಗಲು ತರಕಾರಿ, ಮಾಂಸದ ಹಳೆಯ ಗಲ್ಲಿಗಳು, ರಾತ್ರಿಯಾದರೆ ಅವೇ ಗಲ್ಲಿಗಳಲ್ಲಿ ಐದಾರು ಜನ ಕೂರುವ ಪುಟ್ಟ ಇಝಕಾಯಾಗಳು, ಅಂದರೆ ಕುಡಿಯುತ್ತಾ ತಿನ್ನುವ ಅಂಗಡಿಗಳು. ಕೂತ ತಕ್ಷಣ ಕೇಳದೆಯೇ ಒಂದು ಚಿಕ್ಕ ತಟ್ಟೆ ಬಂದರೆ ಗಾಬರಿಯಾಗಬೇಡಿ, ಅದು ಓತೋಶಿ, ಕೂರುವ ಬಾಡಿಗೆ ಇದ್ದ ಹಾಗೆ ಬಿಲ್ಲಿಗೆ ಸೇರುತ್ತದೆ. ಒಂದೇ ಅಂಗಡಿಯಲ್ಲಿ ರಾತ್ರಿಯಿಡೀ ಕೂರುವ ಬದಲು ಎರಡು ಕಡೆ ಹೋಗಿ, ಒಂದೊಂದರಲ್ಲಿ ಎರಡು ತಟ್ಟೆ. ಅದಕ್ಕಿಂತ ಜಾಸ್ತಿ ಅಂಗಡಿ ಹತ್ತಿದರೆ ರುಚಿ ನೆನಪಿರುವುದಿಲ್ಲ.

ಭಟ್ಟಿ ನೋಡಬೇಕು ಅನ್ನುವವರು ನಾಹಾದಲ್ಲೇ ಇರುವ, ರ್ಯುಕ್ಯು ರಾಜರ ಅರಮನೆಯ ಜಾಗವಾದ ಶುರಿಗೆ ಹೋಗಿ. ರಾಜರ ಕಾಲದಲ್ಲಿ ಶುರಿಯ ಮೂರೇ ಹಳ್ಳಿಗಳಿಗೆ ಅವಮೋರಿ ಇಳಿಸುವ ಪರವಾನಗಿ ಇತ್ತು. 1887ರಲ್ಲಿ ಶುರುವಾದ ಝುಯಿಸೆನ್ ಅನ್ನುವ ಭಟ್ಟಿ ಈಗಲೂ ಅಲ್ಲೇ ಇದೆ. ಪಕ್ಕದ ಅರಮನೆಯ ಮುಖ್ಯ ಕಟ್ಟಡ 2019ರ ಅಕ್ಟೋಬರ್ 31ರಂದು ಸುಟ್ಟುಹೋಯಿತು. ಆವರಣದಲ್ಲಿ ಅಡ್ಡಾಡಿ ಬಂದು ಭಟ್ಟಿಯಲ್ಲಿ ರುಚಿ ನೋಡಬಹುದು.

ಇನ್ನೊಂದು ದ್ವೀಪ ಬೇಕೆಂದರೆ

ಎರಡರಲ್ಲಿ ಒಂದನ್ನು ಆರಿಸಿ. ಸುಲಭದ್ದು ಝಮಾಮಿ ಅಥವಾ ತೊಕಾಶಿಕಿ, ನಾಹಾದ ತೊಮಾರಿ ಬಂದರಿನಿಂದ ವೇಗದ ದೋಣಿಯಲ್ಲಿ ಒಂದು ಗಂಟೆಯ ಆಸುಪಾಸು. ಬೆಳಗ್ಗೆ ಹೋಗಿ ಸಂಜೆ ಬರಬಹುದು. ದೋಣಿ ದಿನವನ್ನು ಕೊನೆಗೆ ಇಡಬೇಡಿ, ಸಮುದ್ರ ಕೆಟ್ಟರೆ ವಿಮಾನ ತಪ್ಪುತ್ತದೆ.

ಇನ್ನೊಂದು ಇಶಿಗಾಕಿ, ನಾಹಾದಿಂದ ವಿಮಾನದಲ್ಲಿ ಒಂದು ಗಂಟೆ, ಅಲ್ಲಿ ಒಂದು ರಾತ್ರಿಯಾದರೂ ಉಳಿಯಬೇಕು. ಅಲ್ಲಿಯ ಯಾಯೆಯಾಮಾ ಸೋಬಾ ಎಳೆ ದುಂಡಗೆ, ಸಣ್ಣಗೆ. ಮೇಲೆ ಉದುರಿಸಲು ಪಿಪಾಚಿ ಅನ್ನುವ ಪುಡಿ ಕೊಡುತ್ತಾರೆ, ಹಿಪ್ಪಲಿಯ ಹತ್ತಿರದ ಬಳ್ಳಿಯದು. ಮೂಸಿ ನೋಡಿ, ಮನೆಯ ಕಷಾಯದ ಪುಡಿ ನೆನಪಾಗದಿದ್ದರೆ ಕೇಳಿ. ಇಶಿಗಾಕಿ ಗೋಮಾಂಸಕ್ಕೂ ಹೆಸರುವಾಸಿ, ಬೇಡದವರು ಬೋರ್ಡು ನೋಡಿ ಒಳಗೆ ಹೋಗಿ. ಇನ್ನೂ ಪಶ್ಚಿಮದ ಯೊನಾಗುನಿಯಲ್ಲಿ 60 ಡಿಗ್ರಿಯ ಹನಾಝಾಕೆ ಅನ್ನುವ ಮದ್ಯ ಮಾಡುತ್ತಾರೆ. ಅದಕ್ಕಾಗಿ ಅಲ್ಲಿಯವರೆಗೆ ಹೋಗಬೇಕಿಲ್ಲ, ನಾಹಾದ ಅಂಗಡಿಯಲ್ಲೇ ಒಂದು ಬಟ್ಟಲು ಸಿಗುತ್ತದೆ, ಒಂದೇ ಸಾಕು.

ಮನೆಗೆ ಏನು ತರಬೇಕು

ಬೆಲ್ಲ ತನ್ನಿ. ಕೊಕುತೊ ಅನ್ನುತ್ತಾರೆ, 8 ದ್ವೀಪಗಳಲ್ಲಿ ಮಾಡುತ್ತಾರೆ: ಇಹೆಯಾ, ಇಎ, ಅಗುನಿ, ತರಾಮಾ, ಕೊಹಾಮಾ, ಇರಿಯೊಮೊತೆ, ಹತೆರುಮಾ, ಯೊನಾಗುನಿ. ಪೊಟ್ಟಣದ ಮೇಲೆ ದ್ವೀಪದ ಹೆಸರಿರುತ್ತದೆ. ಮೂರು ನಾಲ್ಕು ದ್ವೀಪದ್ದು ತೆಗೆದುಕೊಂಡು ಮನೆಯಲ್ಲಿ ಎಲ್ಲರೂ ಕೂತು ಒಂದೊಂದೇ ಚೂರು ತಿಂದು ನೋಡಿ. ಒಂದು ಉಪ್ಪುಪ್ಪು, ಒಂದು ಮೆತ್ತಗೆ, ಒಂದರಲ್ಲಿ ಹೊಗೆಯ ವಾಸನೆ. ಕೊಲ್ಹಾಪುರದ ಬೆಲ್ಲವನ್ನೂ ಪಕ್ಕದಲ್ಲಿಡಿ. ಅಮ್ಮನಂಥವರಿಗೆ ತರಲು ಇದಕ್ಕಿಂತ ಒಳ್ಳೆಯದು ಇಲ್ಲ.

ಹಸಿ ನೇರಳೆ ಗೆಣಸು ಕೊಳ್ಳಬೇಡಿ. ಅದರ ಹುಳ ಹರಡಬಾರದು ಅಂತ ಓಕಿನಾವಾದಿಂದ ಟೋಕಿಯೊಗೂ ಒಯ್ಯಲು ಬಿಡುವುದಿಲ್ಲ. ಬೇಯಿಸಿ ಮಾಡಿದ ಟಾರ್ಟ್ ತರಬಹುದು.

ಅವಮೋರಿ ಬಾಟಲಿಯನ್ನು ನಾಹಾದಲ್ಲೇ ದೊಡ್ಡ ಚೀಲಕ್ಕೆ ಹಾಕಿ ಚೆಕ್-ಇನ್ ಮಾಡಿ, ಕೈಯಲ್ಲಿ ಇಟ್ಟುಕೊಂಡರೆ ಟೋಕಿಯೊದಲ್ಲಿ ವಿದೇಶಿ ವಿಮಾನ ಹತ್ತುವ ತಪಾಸಣೆಯಲ್ಲಿ ಹೋಗುತ್ತದೆ. ಮುಂಬೈಯಲ್ಲಿ ಇಳಿದಾಗ ಒಬ್ಬರಿಗೆ 2 ಲೀಟರ್‌ವರೆಗೆ ಸುಂಕ ಇಲ್ಲ. 720 ಮಿಲಿಲೀಟರ್ ಬಾಟಲಿ ಎರಡು ತಂದರೆ ಲೆಕ್ಕ ಸರಿ. ಒಂದು ಕುಡಿಯಲು ತೆಗೆಯಿರಿ, ಇನ್ನೊಂದನ್ನು ಬಿಸಿಲು ಬೀಳದ ಕಡೆ ನಿಲ್ಲಿಸಿಡಿ. ಅವಮೋರಿ ಬಾಟಲಿಯೊಳಗೂ ಹಳೆಯದಾಗುತ್ತಾ ಹೋಗುತ್ತದೆ, ಮುಚ್ಚಳದ ಮೇಲೆ ತಂದ ತಾರೀಖು ಬರೆದಿಡಿ.